ಪೀಚ್ ಹಣ್ಣೂ ಕಬ್ಬಿಣದ ಬಾಣಲೆಯೂ

ಪೀಚ್ ಹಣ್ಣಿಗೆ ಕನ್ನಡದಲ್ಲಿ ಸ್ವಂತವಾದ ಒಂದು ಹೆಸರಿಲ್ಲ. ಪೇರ್ ಹಣ್ಣನ್ನು ನಮ್ಮವರು ಮರಸೇಬು ಎಂದು ಕರೆದು ಮನೆಗೆ ಸೇರಿಸಿಕೊಂಡರು. ಅನಾನಸ್ಸು, ಪರಂಗಿ, ಆಲೂಗೆಡ್ಡೆಗಳೂ ದೂರದಿಂದ ಬಂದು ನಮ್ಮ ನಾಲಗೆಗೆ ತಕ್ಕಂತೆ ಹೆಸರು ತಿದ್ದಿಕೊಂಡವು. ಪೀಚ್ ಮಾತ್ರ ಆಂಗ್ಲರ ಕಾಲದಿಂದ ನೀಲಗಿರಿಯಲ್ಲಿ ಬೇರೂರಿದ್ದರೂ ಇಂದಿಗೂ ನೆಂಟರ ಹೆಸರಿನಲ್ಲಿಯೇ ನಿಂತಿದೆ. ಬಯಲುಸೀಮೆಯ ಓದುಗ ಬಂಧುಗಳಲ್ಲಿ ಅನೇಕರು ಇದನ್ನು ಡಬ್ಬಿಯೊಳಗೆ ಸಕ್ಕರೆಯ ಪಾಕದಲ್ಲಿ ಕಂಡಿರಬಹುದೇ ಹೊರತು ಮರದಲ್ಲಿ ಕಂಡಿರಲಾರರು. ಆದುದರಿಂದ ಮೊದಲು ಹಣ್ಣಿನ ವಿಚಾರವಾಗಿ ನಾಲ್ಕು ಮಾತು ಹೇಳಿ ಅನಂತರ ಅಡುಗೆಗೆ ಬರುತ್ತೇವೆ. ಮೇಷ್ಟರ ಚಾಳಿ, ಓದುಗರು ಸಹಿಸಿಕೊಳ್ಳಬೇಕು.

ಹಣ್ಣು ಸಣ್ಣ ಕಿತ್ತಳೆಯಷ್ಟಿರುತ್ತದೆ. ಮೈತುಂಬ ಎಳೆಗರುವಿನ ಕಿವಿಯ ಮೇಲಿರುವಂತಹ ನವಿರು. ಬಿಸಿಲು ತಾಗಿದ ಕೆನ್ನೆ ಕೆಂಪು, ತಾಗದ ಕೆನ್ನೆ ಹಳದಿ. ತೊಟ್ಟಿನಿಂದ ತುದಿಯವರೆಗೆ ಉಗುರಿನಿಂದ ಎಳೆದಂತೆ ಒಂದು ಗೀರು. ಒಳಗೆ ಸುಕ್ಕುಗಟ್ಟಿದ ಗಟ್ಟಿಯಾದ ಓಟೆ. ಇದರ ತವರು ಚೀನಾ ದೇಶ. ಪಾರಸಿಕ ದೇಶದ ಮಾರ್ಗವಾಗಿ ಯೂರೋಪಿಗೆ ಹೋದುದರಿಂದ ಅಲ್ಲಿನವರು ಇದನ್ನು ಪಾರಸಿಕರ ಹಣ್ಣೆಂದೇ ಭಾವಿಸಿದರು. ಸಸ್ಯಶಾಸ್ತ್ರದಲ್ಲಿ ಇದಕ್ಕೆ ‘ಪರ್ಸಿಕ’ ಎಂಬ ಹೆಸರು ಅಂಟಿಕೊಂಡಿರುವುದು ಆ ಕಾರಣದಿಂದ. 16ನೆಯ ಶತಮಾನದಲ್ಲಿ ಸ್ಪೇನ್ ದೇಶದವರು ಇದನ್ನು ಅಮೆರಿಕಕ್ಕೆ ಒಯ್ದರು. ನಮ್ಮ ಬೆಟ್ಟಗಳಿಗೆ 1819ರಲ್ಲಿ ಬಂದ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಇಲ್ಲಿ ತಂಪುನಾಡಿನ ತರಕಾರಿ ಹಣ್ಣುಗಳನ್ನು ಬೆಳೆಸಿ ನೋಡಿದವರಲ್ಲಿ ಮೊದಲಿಗರು. ಮೇ ತಿಂಗಳಲ್ಲಿ ಕುನ್ನೂರಿನ ಸಿಮ್ಸ್ ಪಾರ್ಕಿನ ಹಣ್ಣಿನ ಪ್ರದರ್ಶನಕ್ಕೆ ಹೋದವರು ಅವರ ಕಾಲದಿಂದ ಬೆಳೆದುಬಂದ ಆ ಆಸಕ್ತಿಯ ಫಲವನ್ನು ಕಣ್ಣಾರೆ ಕಂಡಿರುತ್ತಾರೆ.

ಈ ಮರಕ್ಕೆ ಚಳಿಯೂ ಒಂದು ಆಹಾರ. ಮಾಗಿಯಲ್ಲಿ ಏಳು ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿನ ಚಳಿಯನ್ನು ನೂರಾರು ಗಂಟೆಗಳ ಕಾಲ ಉಂಡ ಮೇಲೆಯೇ ಇದರ ಮೊಗ್ಗು ಸರಿಯಾಗಿ ಒಡೆಯುವುದು. ಸ್ವಲ್ಪ ಚಳಿಗೇ ತೃಪ್ತಿಪಡುವ ತಳಿಗಳೂ ಉಂಟು. ನಮ್ಮ ಕಡೆ ಫಲ ಕೊಡುವುವು ಅಂತಹವು. ಆದರೆ ಕಾಯುವ ಸಹನೆಯೆಲ್ಲ ಮರಕ್ಕೇ ಹೊರತು ಹಣ್ಣಿಗಿಲ್ಲ. ಮರದಲ್ಲಿರುವುದೆಲ್ಲ ಹತ್ತು ಹನ್ನೆರಡು ದಿನಗಳೊಳಗೆ ಒಟ್ಟಾಗಿ ಪಕ್ವವಾಗುತ್ತದೆ. ಹೆಬ್ಬೆರಳಿನಿಂದ ಒತ್ತಿದ ಜಾಗ ಮರುದಿನಕ್ಕೆ ಕಪ್ಪಾಗುತ್ತದೆ. ಬುಟ್ಟಿಯಲ್ಲಿ ತುಂಬಿ ಘಟ್ಟದ ತಿರುವುಗಳನ್ನು ಇಳಿಸಿ ಮೇಟ್ಟುಪಾಳಯಕ್ಕೆ ಮುಟ್ಟಿಸುವುದರೊಳಗೆ ಅರ್ಧ ಹಣ್ಣು ವ್ಯಾಪಾರಿಯ ಮೂಗು ಮುರಿಸುವಂತಾಗಿರುತ್ತದೆ. ಚಹದ ಗಿಡಕ್ಕೆ ಈ ತಾಪತ್ರಯವಿಲ್ಲ. ನಮ್ಮ ಹಟ್ಟಿಯಲ್ಲಿ ಬೇಲಿಗೊಂದರಂತೆ ಇದ್ದ ಪೀಚ್ ಮರಗಳು ಚಹಕ್ಕೆ ಎಡೆಮಾಡಿಕೊಟ್ಟು ಈಗ ಉಳಿದಿರುವುದು ನಾಲ್ಕೇ. ಅವುಗಳಲ್ಲಿ ನಮ್ಮ ತಂದೆ 1974ರಲ್ಲಿ ಕೆಳಗಿನ ಪಟ್ಟೆಯಲ್ಲಿ ನೆಟ್ಟದ್ದು ಒಂದು. ಪೀಚ್ ಮರಕ್ಕೆ ಐವತ್ತು ವರ್ಷವೆಂದರೆ ಮಿತಿಮೀರಿದ ಮುಪ್ಪು. ಕಾಂಡದಿಂದ ಅಂಟು ಸುರಿಸುತ್ತ, ಒಂದು ಪಕ್ಕದ ಕೊಂಬೆಗಳನ್ನು ಕಳೆದುಕೊಂಡು, ಅದು ಇನ್ನೂ ಕಾಯುತ್ತಿದ್ದುದೇ ನೋಡಿದವರಿಗೆ ಆಶ್ಚರ್ಯ.

ಆ ಕೆಳಗಿನ ಪಟ್ಟೆ ಈಗ ನಮ್ಮದಲ್ಲ. ದಾಯಾದಿಗಳ ಪಾಲುಪಟ್ಟಿಯಲ್ಲಿ ಅದು ಬೇರೆಯವರಿಗೆ ಹೋಯಿತು; ಕಳೆದ ಕಾರ್ತಿಕದಲ್ಲಿ ಅವರು ಅದನ್ನು ಪ್ರವಾಸಿಗಳಿಗಾಗಿ ವಸತಿಗೃಹ ಕಟ್ಟಿಸುವ ಒಬ್ಬರಿಗೆ ಕ್ರಯ ಮಾಡಿಕೊಟ್ಟರು. ಕಾಗದಪತ್ರಗಳೆಲ್ಲ ಕ್ರಮವಾಗಿವೆ. ಯಾರನ್ನೂ ದೂರುವಂತಿಲ್ಲ, ದೂರುವುದು ನಮ್ಮ ಉದ್ದೇಶವೂ ಅಲ್ಲ. ಕೊಂಡವರು ಸಜ್ಜನರು. ಗಡಿಕಲ್ಲು ನೆಡಿಸಿದ ದಿನ ತಾವಾಗಿಯೇ ಬಂದು, ಮಳೆಗಾಲ ಕಳೆಯುವವರೆಗೆ ಕೆಲಸ ಪ್ರಾರಂಭಿಸುವುದಿಲ್ಲವೆಂದೂ ಈ ವರ್ಷದ ಹಣ್ಣನ್ನು ನಾವೇ ಕೊಯ್ದುಕೊಳ್ಳಬಹುದೆಂದೂ ಹೇಳಿಹೋದರು. ಕಾವಲಿಗೆ ಝಾರ್ಖಂಡದ ಒಬ್ಬ ಯುವಕನನ್ನು ಇರಿಸಿದರು. ಮರಕ್ಕೂ ನಮ್ಮ ಹಿತ್ತಲಿಗೂ ನಡುವೆ ಅವನ ತಗಡಿನ ಗುಡಿಸಲು ಎದ್ದಿತು.

ನಮ್ಮ ಅವ್ವನಿಗೆ ಎಂಬತ್ತಮೂರು ವರ್ಷ. ಗಡಿಕಲ್ಲು ನೆಟ್ಟಂದಿನಿಂದ ಆಕೆ ಹಿತ್ತಲಿನ ಬಾಗಿಲಲ್ಲಿ ಕುಳಿತುಕೊಳ್ಳುವುದನ್ನು ಬಿಟ್ಟಳು. ಅಳಲಿಲ್ಲ, ಜಗಳವಾಡಲಿಲ್ಲ, ಊಟವನ್ನು ಮಾತ್ರ ದಿನದಿನಕ್ಕೆ ಕಡಿಮೆ ಮಾಡುತ್ತ ಬಂದಳು. ರಾಗಿಹಿಟ್ಟು ಒಂದು ತುತ್ತಿಗೆ ಇಳಿಯಿತು. ಅವರೆಯ ಉದಕವೆಂದರೆ ಪ್ರಾಣ ಬಿಡುತ್ತಿದ್ದವಳು ಬಟ್ಟಲನ್ನು ಹಾಗೆಯೇ ಸರಿಸುತ್ತಿದ್ದಳು. ವೈದ್ಯರು ರಕ್ತ, ಎದೆ, ಹೊಟ್ಟೆ ಎಲ್ಲವನ್ನೂ ಪರೀಕ್ಷಿಸಿ ರೋಗವೇನೂ ಇಲ್ಲವೆಂದರು. ಕೇಳಿದರೆ ಆಕೆಯದು ಒಂದೇ ಮಾತು: “ಹಸಿವಿಲ್ಲ.” ಚೈತ್ರದ ವೇಳೆಗೆ ಆಕೆಯನ್ನು ಎತ್ತಿ ಕೂರಿಸುವಾಗ ತೋಳುಗಳ ಹಗುರ ನಮಗೆ ಭಯವನ್ನು ಹುಟ್ಟಿಸುತ್ತಿತ್ತು.

ಮೇ ತಿಂಗಳ ಮೂರನೆಯ ವಾರದಲ್ಲಿ ಹಣ್ಣು ಇಳಿಸಿದೆವು. ಹಟ್ಟಿಯ ಮಕ್ಕಳು ಎಣಿಸಿ ಹೇಳಿದಂತೆ ನೂರ ಅರವತ್ತೆರಡು. ಅದೇ ವಾರ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ರಜೆಯ ಮೇಲೆ ಊರಿಗೆ ಬಂದಿದ್ದ. ಚಹದ ತೋಟದ ಕೂಲಿಯ ಮಗ. ಕೊಯಮತ್ತೂರಿನಲ್ಲಿ ಅಡುಗೆಯ ಶಿಕ್ಷಣ ಪಡೆದು ಈಗ ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದಲ್ಲಿ ಒಂದು ಹೋಟೆಲಿನ ಪಾಕಶಾಲೆಯಲ್ಲಿದ್ದಾನೆ. ಗುರುಕಾಣಿಕೆಯೆಂದು ಅವನು ತಂದದ್ದು ಎರಡೂಕಾಲು ಕಿಲೋ ತೂಕದ ಎರಕದ ಕಬ್ಬಿಣದ ಒಂದು ಬಾಣಲೆ! ಹತ್ತು ಅಂಗುಲ ಅಗಲ, ಎರಡು ಅಂಗುಲ ಆಳ, ಉದ್ದನೆಯ ಹಿಡಿಕೆ. ಟೆನೆಸ್ಸಿ ರಾಜ್ಯದಲ್ಲಿ 1896ರಿಂದ ಇಂತಹವನ್ನೇ ಎರಕ ಹೊಯ್ಯುತ್ತ ಬಂದಿರುವ ಕಾರ್ಖಾನೆಯದಂತೆ. ವಿಮಾನದಲ್ಲಿ ಬರುವವರು ಮಿಠಾಯಿ ತರುವುದುಂಟು, ಅತ್ತರು ತರುವುದುಂಟು. “ಕಬ್ಬಿಣಕ್ಕೆ ನಮ್ಮ ಸಂತೆಯಲ್ಲಿ ಬರವೇ?” ಎಂದು ನಮ್ಮ ಮನೆಯವರು ನಕ್ಕರು. ಹುಡುಗ ನಾಚಿಕೊಳ್ಳಲಿಲ್ಲ. ಹಜಾರದಲ್ಲಿ ಚಾಪೆಯ ಮೇಲೆ ಹರಡಿದ್ದ ಹಣ್ಣಿನ ರಾಶಿಯನ್ನು ಕಂಡು, “ಸಾರ್, ಇದಕ್ಕೂ ಅದಕ್ಕೂ ಮದುವೆ ಮಾಡಿಸುತ್ತೇನೆ” ಎಂದ.

ಜಾರ್ಜಿಯಾ ರಾಜ್ಯಕ್ಕೆ ಪೀಚ್ ರಾಜ್ಯವೆಂದೇ ಉಪನಾಮವಂತೆ. ಅಲ್ಲಿಯ ಮಾರ್ಷಲ್‌ವಿಲ್ ಎಂಬ ಊರಿನ ಸ್ಯಾಮ್ಯುಯೆಲ್ ರಂಫ್ ಎಂಬ ರೈತ 1870ರ ದಶಕದಲ್ಲಿ ಬೆಳೆಸಿದ ‘ಎಲ್ಬರ್ಟಾ’ ತಳಿ ದೂರದ ಪ್ರಯಾಣವನ್ನು ತಾಳಿಕೊಂಡು ಆ ರಾಜ್ಯದ ಹಣ್ಣಿಗೆ ಕೀರ್ತಿ ತಂದಿತು. ಇಷ್ಟಿದ್ದರೂ ಆ ದೇಶದಲ್ಲಿ ಅತಿ ಹೆಚ್ಚು ಪೀಚ್ ಬೆಳೆಯುವುದು ಕ್ಯಾಲಿಫೋರ್ನಿಯ, ಹೆಸರೊಬ್ಬರದು, ಬೆಳೆಯೊಬ್ಬರದು. 2023ರಲ್ಲಿ ಮಾಗಿ ಬೆಚ್ಚಗಾಗಿ ಮೊಗ್ಗು ಅವಸರದಿಂದ ಒಡೆದು, ಹಿಂದೆಯೇ ಹಿಮ ಸುರಿದು, ಜಾರ್ಜಿಯಾದ ಫಸಲಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ನಾಶವಾಯಿತು. ಆ ಬೇಸಿಗೆಯಲ್ಲಿ ತಾನು ಪರರಾಜ್ಯದ ಹಣ್ಣನ್ನೇ ಹೆಚ್ಚಿದೆನೆಂದು ಹುಡುಗ ಹೇಳಿದ. ಚಳಿ ತಪ್ಪಿದರೆ ಏನಾಗುವುದೆಂಬುದನ್ನು ಬೆಟ್ಟದವರಾದ ನಮಗೆ ವಿವರಿಸಿ ಹೇಳಬೇಕಾಗಿರಲಿಲ್ಲ.

ಅವನು ಮಾಡಿ ತೋರಿಸಿದ ತಿನಿಸಿಗೆ ‘ಕಾಬ್ಲರ್’ ಎಂದು ಹೆಸರು. ಆಂಗ್ಲ ಭಾಷೆಯಲ್ಲಿ ಪಾದರಕ್ಷೆ ಹೊಲಿಯುವವನಿಗೂ ಅದೇ ಶಬ್ದವಾದುದರಿಂದ ಸುತ್ತ ನೆರೆದಿದ್ದ ಮಕ್ಕಳು ನಕ್ಕರು. ಬೆಂದ ಮೇಲೆ ಮೇಲ್ಮೈ ಗುಂಡುಗಲ್ಲು ಹಾಸಿದ ಬೀದಿಯಂತೆ ಕಾಣುವುದರಿಂದ ಈ ಹೆಸರು ಬಂದಿತೆಂದು ಕೆಲವರು ಹೇಳುತ್ತಾರೆ, ಪಂಡಿತರಲ್ಲಿ ಒಮ್ಮತವಿಲ್ಲ. ಹೆಸರಂತೂ ಹಳೆಯದು. ಲೆಟಿಸ್ ಬ್ರಯನ್ ಎಂಬ ಗೃಹಿಣಿ 1839ರಲ್ಲಿ ಹೊರತಂದ ಕೆಂಟಕಿ ಸೀಮೆಯ ಅಡುಗೆಯ ಪುಸ್ತಕದಲ್ಲಿಯೇ ಪೀಚ್ ಕಾಬ್ಲರ್ ಇದೆ. ಮುಖ್ಯ ಸಂಗತಿಯೆಂದರೆ ಇದು ಸಜ್ಜಾದ ಪಾಕಶಾಲೆಯನ್ನು ಬೇಡುವ ಭಕ್ಷ್ಯವಲ್ಲ. ಊರು ಬಿಟ್ಟು ಊರಿಗೆ ಹೊರಟವರು, ಇಟ್ಟಿಗೆಯ ಗೂಡೊಲೆ ಕಟ್ಟಿಕೊಳ್ಳಲಾರದವರು, ಒಂದೇ ಕಬ್ಬಿಣದ ಪಾತ್ರೆಯನ್ನು ಕೆಂಡದ ಮೇಲಿಟ್ಟು ಬೇಯಿಸಿಕೊಳ್ಳಬಲ್ಲ ತಿನಿಸು. ಒಲೆಯ ಮುಂದೆ ಬೆವರಿದ ಕೈಗಳಲ್ಲಿ ದಾಸ್ಯದಲ್ಲಿದ್ದ ಕಪ್ಪು ಜನರ ಕೈಗಳೂ ಬಹಳ. ಹುಡುಗನ ಹೋಟೆಲಿನಲ್ಲಿ ಅವನಿಗೆ ಇದನ್ನು ಕಲಿಸಿದಾಕೆ ಅಂತಹ ವಂಶದ ಒಬ್ಬ ಹಿರಿಯಳು.

ಇಲ್ಲಿ ಒಂದು ವಿಷಯವನ್ನು ಹೇಳದೆ ಮುಂದೆ ಹೋಗಲು ನಮ್ಮ ವೃತ್ತಿ ಬಿಡುವುದಿಲ್ಲ. ಅಬಿ ಫಿಷರ್ ಎಂಬ ಕಪ್ಪು ಹೆಂಗಸು 1881ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ದಕ್ಷಿಣ ಸೀಮೆಯ ಅಡುಗೆಗಳ ಪುಸ್ತಕವನ್ನು ಪ್ರಕಟಿಸಿದಳು. ಆಕೆಗೆ ಓದಲೂ ಬರೆಯಲೂ ಬಾರದು! ಬಾಯಲ್ಲಿ ಹೇಳಿದಳು, ಬಲ್ಲವರು ಬರೆದುಕೊಂಡರು. ಮೂವತ್ತೈದು ವರ್ಷಗಳಿಂದ ಅಕ್ಷರವನ್ನೇ ಮಾರಿಕೊಂಡು ಬದುಕಿರುವ ನಾವು ಇದನ್ನು ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮ ಅವ್ವನಿಗೂ ಅಕ್ಷರ ಬಾರದು. ಎಣ್ಣೆಹಿಟ್ಟಿಗೆ ಎಷ್ಟು ಸಕ್ಕರೆ, ಯಾವ ಹದ ಎಂಬುದೆಲ್ಲ ಆಕೆಯ ಬೆರಳ ತುದಿಯಲ್ಲಿದೆ. ಬರೆದುಕೊಂಡವರು ಮನೆಯಲ್ಲಿ ಇನ್ನೂ ಯಾರೂ ಇಲ್ಲ.

ಈಗ ಕ್ರಮ. ಗಟ್ಟಿಯಾಗಿ ಪಕ್ವವಾದ ಎಂಟು ಹಣ್ಣು ಬೇಕು. ಪೆಟ್ಟು ತಿಂದಿದ್ದರೆ ಆ ಭಾಗವನ್ನು ಕೆತ್ತಿಹಾಕಿದರಾಯಿತು. ಹಣ್ಣಿನ ಬುಡದಲ್ಲಿ ಚಾಕುವಿನಿಂದ ಅಡ್ಡ ಉದ್ದ ಗೀರಿ, ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಕೂಡಲೇ ತಣ್ಣೀರಿಗೆ ಹಾಕಿದರೆ ಸಿಪ್ಪೆ ಅಂಗಿ ಕಳಚಿದಂತೆ ಬರುತ್ತದೆ. ಕೆಲವು ಜಾತಿಯ ಹಣ್ಣುಗಳಲ್ಲಿ ತಿರುಳು ಓಟೆಯನ್ನು ಬಿಟ್ಟು ಬರುತ್ತದೆ, ಕೆಲವದರಲ್ಲಿ ಕಚ್ಚಿಕೊಂಡಿರುತ್ತದೆ. ನಮ್ಮದು ಕಚ್ಚಿಕೊಳ್ಳುವ ಜಾತಿ. ಓಟೆಯ ಸುತ್ತ ಹೋಳುಹೋಳಾಗಿ ಹೆರೆದುಕೊಳ್ಳಬೇಕು. ಓಟೆ ಒಡೆದು ಒಳಗಿನ ಬೀಜವನ್ನು ಬಾದಾಮಿಯೆಂದು ತಿನ್ನುವ ಮಕ್ಕಳನ್ನು ತಡೆಯಿರಿ. ಅದರಲ್ಲಿರುವ ಕಹಿ ಪದಾರ್ಥ ಹೊಟ್ಟೆಯಲ್ಲಿ ಸಯನೈಡ್ ವಿಷವಾಗುತ್ತದೆ. ಇದು ಹೆದರಿಸುವ ಮಾತಲ್ಲ.

ಹೋಳುಗಳಿಗೆ ನಾಲ್ಕು ಚಮಚ ಸಕ್ಕರೆ, ಅರ್ಧ ನಿಂಬೆಹಣ್ಣಿನ ರಸ ಸೇರಿಸಿ ಹತ್ತು ನಿಮಿಷ ಬಿಟ್ಟರೆ ರಸ ಒಸರುತ್ತದೆ. ಇನ್ನೊಂದು ಪಾತ್ರೆಯಲ್ಲಿ ಒಂದು ಲೋಟ ಮೈದಾ, ಮುಕ್ಕಾಲು ಲೋಟ ಸಕ್ಕರೆ, ಎರಡು ಸಣ್ಣ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು ಬೆರೆಸಿ, ಒಂದು ಲೋಟ ಹಾಲು ಹೊಯ್ದು ಗಂಟಿಲ್ಲದೆ ಕಲಸಬೇಕು. ಹದ ನೀರುದೋಸೆಗಿಂತ ಮಂದ, ಇಡ್ಲಿಗಿಂತ ತೆಳು. ಬೇಕಿಂಗ್ ಪೌಡರ್ ಸಿಗದ ಊರಿನವರು ಹಾಲಿಗೆ ಬದಲಾಗಿ ಹುಳಿ ಮಜ್ಜಿಗೆ ಹಾಕಿ ಅರ್ಧ ಸಣ್ಣ ಚಮಚ ಅಡುಗೆ ಸೋಡ ಬೆರೆಸಬಹುದು; ಹುಳಿಯೂ ಸೋಡವೂ ಕೂಡಿದೊಡನೆ ಹುಟ್ಟುವ ಅನಿಲವೇ ಹಿಟ್ಟನ್ನು ಉಬ್ಬಿಸುವುದು. ಮೊಟ್ಟೆ ಬೇಡ, ಈ ಪತ್ರಿಕೆಯ ಅನೇಕ ಮನೆಗಳಿಗೆ ಇದೊಂದು ಅನುಕೂಲ. ಬೆಣ್ಣೆ ಮಾತ್ರ ನೂರು ಗ್ರಾಂ. ಇಷ್ಟು ಬೆಣ್ಣೆಯನ್ನು ಕಂಡು ನಮ್ಮ ಮನೆಯವರ ಮುಖ ಸಣ್ಣದಾಯಿತೆಂಬುದನ್ನು ಮರೆಮಾಚಲಾಗದು.

ಬಾಣಲೆಯನ್ನು ಕಾಯಿಸಿ ಬೆಣ್ಣೆಯನ್ನು ಕರಗಿಸಿ, ಅದರ ಮೇಲೆ ಹಿಟ್ಟನ್ನು ಹೊಯ್ದು, ಹಿಟ್ಟಿನ ಮೇಲೆ ಹಣ್ಣಿನ ಹೋಳುಗಳನ್ನು ರಸಸಹಿತ ಹರಡಬೇಕು. ಕದಡಕೂಡದು. ಈ ಒಂದು ನಿಯಮವನ್ನು ಹುಡುಗ ಮೂರು ಸಲ ಹೇಳಿದ. ಬೇಯುತ್ತ ಬಂದಂತೆ ಕೆಳಗಿದ್ದ ಹಿಟ್ಟು ಉಬ್ಬಿ ಮೇಲಕ್ಕೆ ಏರುತ್ತದೆ, ಮೇಲಿದ್ದ ಹಣ್ಣು ತನ್ನ ಭಾರಕ್ಕೆ ಕೆಳಗಿಳಿಯುತ್ತದೆ. ತಾವು ತಾವೇ ಸ್ಥಾನ ಬದಲಿಸಿಕೊಳ್ಳುತ್ತವೆ. ಹಿಟ್ಟನ್ನು ಹಣ್ಣಿನ ಮೇಲೆಯೇ ಉಂಡೆಯುಂಡೆಯಾಗಿ ಇಡುವ ಇನ್ನೊಂದು ಪದ್ಧತಿಯೂ ಉಂಟು. ನಮಗೆ ಸೊಗಸೆನಿಸಿದ್ದು ಈ ಅದಲುಬದಲಿನದು.

ಶಾಖದ ಪ್ರಶ್ನೆ ಉಳಿಯಿತು. ಹುಡುಗನ ಲೆಕ್ಕದಲ್ಲಿ 190 ಡಿಗ್ರಿಯ ವಿದ್ಯುತ್ ಒಲೆಯಲ್ಲಿ ಮುಕ್ಕಾಲು ಗಂಟೆ. ನಮ್ಮ ಮನೆಯಲ್ಲಿ ಅಂತಹ ಒಲೆಯಿಲ್ಲ. 1987ರಲ್ಲಿ ಶಿಕ್ಷಕ ತರಬೇತಿಗೆ ಹೋದಾಗ ನಮಗೆ ಮೊದಲು ಕಲಿಸಿದ ಸೂತ್ರ, ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂಬುದು. ಇಲ್ಲಿ ಗುರುಶಿಷ್ಯರು ಕೂಡಿ ಹಿಂದುಮುಂದಾಗಿ ಸಾಗಿದೆವು. ಕಾಸರಗೋಡಿನ ಬಂಧುಗಳಿಗೆ ಇದು ಹೊಸದಲ್ಲ. ಕಲ್ತಪ್ಪಕ್ಕೆ ಮುಚ್ಚಳದ ಮೇಲೂ ಕೆಂಡ ಹಾಕುವ ರೂಢಿ ಅಲ್ಲಿ ಹಿಂದಿನಿಂದ ಉಂಟು. ಹಳೆಯ ಚಹದ ಗಿಡದ ಬೊಡ್ಡೆಗಳನ್ನು ಅಂಗಳದಲ್ಲಿ ಉರಿಸಿ ಕೆಂಡ ಮಾಡಿದೆವು. ಮೂರು ಕಲ್ಲಿನ ನಡುವೆ ಒಂದು ಪಾಲು ಕೆಂಡ. ಬಾಣಲೆಯ ಮೇಲೆ ಅಂಚುಳ್ಳ ಕಬ್ಬಿಣದ ತಟ್ಟೆಯನ್ನು ಮುಚ್ಚಿ ಅದರ ಮೇಲೆ ಎರಡು ಪಾಲು ಕೆಂಡ. ತಳ ಬೇಗ ಕಾಯುತ್ತದೆ, ನೆತ್ತಿ ಕಾಯುವುದು ನಿಧಾನ. ಆದುದರಿಂದ ಮೇಲೆಯೇ ಹೆಚ್ಚು. ಎರಕದ ಕಬ್ಬಿಣಕ್ಕೆ ಬಿಸಿಯೇರಲು ತಡ, ಏರಿದ ಬಿಸಿಯನ್ನು ಬಿಡಲು ಇನ್ನೂ ತಡ. ಹತ್ತು ನಿಮಿಷಕ್ಕೊಮ್ಮೆ ಬಾಣಲೆಯನ್ನು ಕಾಲು ಸುತ್ತು ತಿರುಗಿಸುತ್ತಿದ್ದರೆ ಒಂದೇ ಪಕ್ಕ ಸೀಯುವುದಿಲ್ಲ.

ಶಾಲೆಯಲ್ಲಿ ಮುಕ್ಕಾಲು, ಅರ್ಧ, ಕಾಲುಗಳ ಲೆಕ್ಕ ತಲೆಗೆ ಹತ್ತದೆ ಕಣ್ಣೀರಿಡುತ್ತಿದ್ದ ಹುಡುಗ ಅಂದು ಎಂಟು ಮಕ್ಕಳನ್ನು ಕೂರಿಸಿಕೊಂಡು ಕೆಂಡವನ್ನು ಮೂರು ಪಾಲು ಮಾಡಿ ತೋರಿಸಿದ. ನಾವು ಪಕ್ಕದಲ್ಲಿ ಕುಳಿತು ಕೇಳಿದೆವು. ಪಾಠ ಚೆನ್ನಾಗಿತ್ತು.

ಅರ್ಧ ಗಂಟೆಯಾದ ಮೇಲೆ ವಾಸನೆ ಎದ್ದಿತು. ಬೆಣ್ಣೆ ಕಂದುವ ವಾಸನೆ ಮೊದಲು, ಅದರ ಹಿಂದೆ ಹಣ್ಣಿನದು. ಮುಚ್ಚಳ ತೆಗೆದಾಗ ಅಂಚೆಲ್ಲ ಕಂದುಬಣ್ಣಕ್ಕೆ ಗರಿಯಾಗಿ, ನಡುವೆ ಚಿನ್ನದ ಬಣ್ಣದ ಉಬ್ಬುತಗ್ಗುಗಳ ಸಂದಿನಲ್ಲಿ ರಸ ಕುದಿಯುತ್ತಿತ್ತು. ದಾಲ್ಚಿನ್ನಿ ಹಾಕಬೇಕೆಂದು ಹುಡುಗ, ಏಲಕ್ಕಿಯೇ ಸರಿಯೆಂದು ನಮ್ಮ ಮನೆಯವರು. ಕೊನೆಗೆ ಏಲಕ್ಕಿ ಗೆದ್ದಿತ್ತು. ಅಮೆರಿಕದವರು ಐಸ್‌ಕ್ರೀಮ್ ಹಾಕಿಕೊಳ್ಳುತ್ತಾರಂತೆ. ನಮಗೆ ಹಾಲಿನ ಕೆನೆ ಸಾಕಾಯಿತು. ಸಕ್ಕರೆ ಅವರ ಅಳತೆಗಿಂತ ಕಾಲು ಭಾಗ ಕಡಿಮೆ ಮಾಡಿದ್ದರೂ ನಮ್ಮ ನಾಲಗೆಗೆ ಇನ್ನೂ ಹೆಚ್ಚೇ ಅನಿಸಿತು. ವಯನಾಡಿನವರು ಇದನ್ನು ಅನಾನಸ್ಸಿನಿಂದಲೂ ಸೊಲ್ಲಾಪುರ, ಆದವಾನಿಯ ಕಡೆಯವರು ಮಾವಿನ ಹಣ್ಣಿನಿಂದಲೂ ಮಾಡಿ ನೋಡಬಹುದು. ಮಾವಿಗಾದರೆ ಸಕ್ಕರೆಯನ್ನು ಮತ್ತೂ ತಗ್ಗಿಸಬೇಕು.

ಅವ್ವನ ಕೋಣೆಗೆ ನಾವು ಬಟ್ಟಲನ್ನು ಒಯ್ಯಲಿಲ್ಲ. ವಾಸನೆಗೆ ಆಕೆಯೇ ಗೋಡೆ ಹಿಡಿದು ಅಂಗಳಕ್ಕೆ ಬಂದಳು. “ಏನು ಸುಡುತ್ತಿದ್ದೀರಿ?” ಎಂದಳು. ಕೆಳಗಿನ ಮರದ ಹಣ್ಣೆಂದು ಒಂದು ಮಗು ಹೇಳಿತು. ಆಕೆ ಕಲ್ಲಿನ ಮೇಲೆ ಕುಳಿತು ಒಂದು ಚಮಚ ಬಾಯಿಗಿಟ್ಟುಕೊಂಡು ಬಹಳ ಹೊತ್ತು ಹಾಗೆಯೇ ಇದ್ದಳು. ಹಲ್ಲಿನ ಅಗತ್ಯವಿರಲಿಲ್ಲ, ಹಣ್ಣು ನಾಲಗೆಯ ಮೇಲೆಯೇ ಕರಗುವಷ್ಟು ಬೆಂದಿತ್ತು. “ನಿಮ್ಮಪ್ಪ ಇದನ್ನು ಹಸಿಯಾಗಿಯೇ ತಿಂದ. ಬೇಯಿಸಬಹುದೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ” ಎಂದಳು. ಬಟ್ಟಲು ಬರಿದಾಯಿತು. ಎರಡನೆಯದನ್ನು ಆಕೆಯೇ ಕೇಳಿ ಹಾಕಿಸಿಕೊಂಡಳು. ಏಲಕ್ಕಿ ಬೇಕಾಗಿರಲಿಲ್ಲವೆಂಬುದು ಆಕೆಯ ಅಭಿಪ್ರಾಯ.

ಒಂಬತ್ತು ದಿನಗಳಲ್ಲಿ ನಾಲ್ಕು ಸಲ ಬಾಣಲೆ ಇಟ್ಟೆವು. ಮಿಕ್ಕ ಹಣ್ಣು ಹಟ್ಟಿಯ ಮನೆಮನೆಗೆ ಹೋಯಿತು. ಮರವನ್ನು ಕಿತ್ತು ನೆಡುವ ಪ್ರಾಯ ಅದಕ್ಕಿಲ್ಲ. ಆದರೆ ಅದರ ಎಳೆಯ ಕಡ್ಡಿಯಿಂದ ಕಣ್ಣು ತೆಗೆದು ನೆರೆಯವರ ಹಿತ್ತಲಿನ ಮೂರು ಪೀಚ್ ಸಸಿಗಳಿಗೆ ಕಸಿ ಕಟ್ಟಿದ್ದೇವೆ. ಎರಡು ಕಣ್ಣು ಒಣಗಿದವು. ಒಂದು ಇದನ್ನು ಬರೆಯುವ ಹೊತ್ತಿಗೆ ಹಸಿರಾಗಿಯೇ ಇದೆ. ಬಾಣಲೆಯ ಆರೈಕೆಯನ್ನೂ ಹೇಳಿಬಿಡುತ್ತೇವೆ: ನೆನೆಹಾಕಬಾರದು, ಬಿಸಿನೀರಿನಲ್ಲಿ ಉಜ್ಜಿ, ಒಲೆಯ ಮೇಲಿಟ್ಟು ತೇವವನ್ನು ಆರಿಸಿ, ಬೆಚ್ಚಗಿರುವಾಗಲೇ ಎಣ್ಣೆಯ ಬಟ್ಟೆಯಿಂದ ಒರೆಸಿಡಬೇಕು. ದೋಸೆಯ ಕಾವಲಿಯನ್ನು ನೋಡಿಕೊಳ್ಳುವ ಹೆಂಗಸರಿಗೆ ಇದು ಗೊತ್ತಿಲ್ಲದ್ದೇನಲ್ಲ.

ಕೊನೆಯ ಸಲ ಮಾಡಿದ ದಿನ ಅವ್ವ ಹಿತ್ತಲಿನ ಬಾಗಿಲಲ್ಲಿ ಕುಳಿತಿದ್ದಳು. “ಆ ತಗಡಿನ ಮನೆಯ ಹುಡುಗನಿಗೆ ಕೊಟ್ಟಿರೋ ಇಲ್ಲವೋ?” ಎಂದು ಕೇಳಿದಳು. ನಾವೇ ಒಂದು ಬಟ್ಟಲು ತುಂಬಿಕೊಂಡು ಗಡಿಕಲ್ಲು ದಾಟಿ ಹೋಗಿ ಕೊಟ್ಟೆವು. ಅವನಿಗೆ ನಮ್ಮ ಭಾಷೆ ಬಾರದು, ನಮ್ಮ ಹಿಂದಿಯೂ ಅಷ್ಟಕ್ಕಷ್ಟೆ. ಮರುದಿನ ಬೆಳಗ್ಗೆ ಬಟ್ಟಲು ತೊಳೆದು ತಂದುಕೊಟ್ಟ. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ಪದ್ಧತಿ ಅವನ ಊರಿನಲ್ಲಿಯೂ ಇದ್ದಂತೆ ಕಾಣುತ್ತದೆ. ಅದರೊಳಗೆ ಎರಡು ಹಿಡಿ ಹುರಿಗಡಲೆ ಇತ್ತು. ಅವ್ವ ಅದನ್ನು ಬೆರಳಿನಿಂದ ಆಡಿಸಿ ನೋಡಿ, ಒರಳಿನಲ್ಲಿ ಕುಟ್ಟಿ ಬೆಲ್ಲ ಬೆರೆಸಿ ಕೊಡುವಂತೆ ನಮ್ಮ ಮನೆಯವರಿಗೆ ಹೇಳಿದಳು.